ಎರಡಡಿ ಹಲಗೆಯ ಮೇಲೆ ಹದಿನಾಲ್ಕು ಗುಂಟೆ

ರೈಲಿನ ಮಾದರಿ ಕಟ್ಟುವವರ ಮನೆಗೆ ಹೋದರೆ ಮೊದಲು ತೋರಿಸುವುದು ಇಂಜಿನ್ನು. ಆಮೇಲೆ ಬೋಗಿ, ಸಿಗ್ನಲ್ಲು, ಸ್ಟೇಷನ್ನಿನ ಹೆಂಚು. ನೆಲವನ್ನು ಯಾರೂ ಕರೆದು ತೋರಿಸುವುದಿಲ್ಲ. ಆದರೆ ನೋಡುವವರ ಕಣ್ಣು ಹಲಗೆಯ ಮುಕ್ಕಾಲು ಪಾಲು ನೋಡುವುದು ನೆಲವನ್ನೇ. ಅದು ಸುಳ್ಳೆನಿಸಿದರೆ ಮುಗಿಯಿತು, ಮೇಲೆ ನಿಂತ ಇಂಜಿನ್ನು ಎಷ್ಟು ಸಾವಿರದ್ದಾದರೂ ಆಟದ ಸಾಮಾನು. ಈ ವಾರ ಇಂಜಿನ್ನಿನ ಸುದ್ದಿ ಬೇಡ, ಬರೀ ಮಣ್ಣಿನ ಮಾತು. ಅದೂ ಶ್ರೀನಿವಾಸಪುರದ ಮಣ್ಣು.

ಶ್ರೀನಿವಾಸಪುರವೇ ಯಾಕೆ ಎಂದರೆ ಲೆಕ್ಕ ಸಲೀಸು. ಬಂಗಾರಪೇಟೆ ಬಿಟ್ಟು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರ ಸೇರುತ್ತಿದ್ದ ಆ ಸಣ್ಣ ರೈಲಿನ ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿ.ಮೀ. 1:87ರ ಅಳತೆಗೆ ಇಳಿಸಿದರೆ 8.76 ಮಿ.ಮೀ. ಮಾದರಿ ರೈಲಿನ ಅಂಗಡಿಗಳಲ್ಲಿ ‘ಎನ್ ಗೇಜ್’ ಎಂದು ಮಾರುವ 9 ಮಿ.ಮೀ. ಹಳಿ ಹೆಚ್ಚುಕಡಿಮೆ ಹಾಗೇ ಕೂರುತ್ತದೆ. ಕೂದಲೆಳೆಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವವರು ಬೇರೆ ಹವ್ಯಾಸ ಹುಡುಕಿಕೊಳ್ಳಲಿ. ಹಳೆಯ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದ ಮೇಲೆ 2013ರಲ್ಲಿ ಈ ದಾರಿಯಲ್ಲಿ ಮತ್ತೆ ರೈಲು ಓಡಿತು. ಎರಡೂವರೆ ಅಡಿಯ ಶ್ರೀನಿವಾಸಪುರ ಬೇಕೆಂದರೆ ಈಗ ಕೈಯಾರೆ ಕಟ್ಟಿಕೊಳ್ಳಬೇಕು.

ಎರಡಡಿ ಉದ್ದ, ಒಂದಡಿ ಅಗಲದ ಪ್ಲೈವುಡ್ ಹಲಗೆ ಸಾಕು. ಈ ಅಳತೆಯಲ್ಲಿ ಅದು ಐವತ್ಮೂರು ಮೀಟರು ಉದ್ದ, ಇಪ್ಪತ್ತಾರೂವರೆ ಮೀಟರು ಅಗಲದ ಜಮೀನು. ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಗುಂಟೆ. ಶ್ರೀನಿವಾಸಪುರವೆಂದ ಮೇಲೆ ಅದರಲ್ಲಿ ಮಾವಿನ ತೋಪು ಬೇಕೇ ಬೇಕು. ಹಳೆಯ ಪದ್ಧತಿಯ ತೋಪಿನಲ್ಲಿ ಮರದಿಂದ ಮರಕ್ಕೆ ಹತ್ತು ಮೀಟರು ಬಿಡುತ್ತಾರೆ, ಎಕರೆಗೆ ನಲವತ್ತು ಮರ. ಹಲಗೆಯ ಮೇಲೆ ಆ ಅಂತರ ಹನ್ನೊಂದೂವರೆ ಸೆಂಟಿಮೀಟರು. ಹಳಿ, ಬದು, ಕೆರೆಯ ಒಂದು ಮೂಲೆ ಕಳೆದರೆ ಆರು ಮರಕ್ಕೆ ಜಾಗ ಉಳಿದೀತು. ಹನ್ನೆರಡು ತುರುಕುವವರನ್ನು ನೋಡಿದ್ದೇನೆ. ಅದು ತೋಪಾಗುವುದಿಲ್ಲ, ನರ್ಸರಿಯಾಗುತ್ತದೆ.

ಮರಕ್ಕೆ ಮೊದಲು ಇಳಿಜಾರು. ಹೆಚ್ಚಿನವರು ಹಲಗೆಯನ್ನು ಹಾಗೇ ಚಪ್ಪಟೆಯಾಗಿ ಬಿಟ್ಟು ಅದರ ಮೇಲೆ ಹುಲ್ಲು ಅಂಟಿಸಿಬಿಡುತ್ತಾರೆ. ಕೋಲಾರ ಸೀಮೆಯಲ್ಲಿ ಚಪ್ಪಟೆ ನೆಲ ಎಲ್ಲಿದೆ ಸ್ವಾಮಿ? ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ಇದು. ಬಿದ್ದ ಮಳೆಯನ್ನು ಹಿಡಿಯಲೆಂದೇ ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳನ್ನು ಕಟ್ಟಿದ್ದಾರೆ. ಯಾವ ಹೊಲದಲ್ಲಿ ನಿಂತರೂ ನೀರು ಎತ್ತ ಹೋಗುತ್ತದೆಂದು ಹೇಳಬಹುದು. ಹಲಗೆಯ ಮೇಲೂ ಮೊದಲು ಪೆನ್ಸಿಲಿನಲ್ಲಿ ಎಳೆಯಬೇಕಾದದ್ದು ಆ ನೀರಿನ ದಾರಿಯನ್ನು. ಆಮೇಲೆ ಥರ್ಮಾಕೋಲ್ ಕತ್ತರಿಸಿ ಅಂಟಿಸಿ ಏರುತಗ್ಗು ಮಾಡಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿಯುವುದು. ಎರಡಡಿಯಲ್ಲಿ ಎರಡು ಸೆಂಟಿಮೀಟರು ಇಳಿಜಾರು ಕೊಟ್ಟರೂ ಸಾಕು. ರೈಲಿನ ದಿಬ್ಬ, ಅದರಡಿಯ ಮೋರಿ, ಬದು ಎಲ್ಲಕ್ಕೂ ಅಲ್ಲಿರಲು ಒಂದು ಕಾರಣ ಸಿಗುತ್ತದೆ.

ಇನ್ನು ಮಣ್ಣು. ಹೊಸಬರೆಲ್ಲರಿಗೂ ಒಂದೇ ಯೋಚನೆ: ಊರಿನ ಕೆಮ್ಮಣ್ಣೇ ಇರುವಾಗ ಬಣ್ಣ ಯಾಕೆ, ತಂದು ಉದುರಿಸಿದರಾಯಿತಲ್ಲ. ಆಗುವುದಿಲ್ಲ. ನಿಜವಾದ ಮಣ್ಣು ಹಲಗೆಯ ಮೇಲೆ ನಿಜವಾಗಿ ಕಾಣುವುದೇ ಇಲ್ಲ. ಒಂದು ಮಿಲಿಮೀಟರಿನ ಹರಳು ಈ ಅಳತೆಯಲ್ಲಿ ಒಂಬತ್ತು ಸೆಂಟಿಮೀಟರಿನ ಕಲ್ಲು. ಟೀ ಸೋಸುವ ಜರಡಿಯಲ್ಲಿ ಇಳಿದ ಮಣ್ಣು ನಿಮಗೆ ನುಣುಪು. ಹತ್ತೊಂಬತ್ತು ಮಿಲಿಮೀಟರು ಎತ್ತರದ ನಿಮ್ಮ ರೈತನಿಗೆ ಅದು ಕಲ್ಲುಬಂಡೆಯ ಕಾಡು. ಹಳೆಯ ಪಂಚೆಯಲ್ಲಿ ವಸ್ತ್ರಗಾಳಿಸಿದ ಪುಡಿ ಮಾತ್ರ ಹೊಲದ ಮಣ್ಣಾಗುತ್ತದೆ. ಅದನ್ನೂ ಹೆಂಚಿನ ಮೇಲೆ ಹುರಿಯಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಎರಡನೆಯ ತಾಪತ್ರಯ ಬಣ್ಣದ್ದು. ಒಣ ಕೆಮ್ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ, ಅಲ್ಲಿ ಬೆಳಕು ಚೆದುರಿ ಮಣ್ಣು ತಿಳಿಯಾಗಿ ಕಾಣುತ್ತದೆ. ಫೆವಿಕಾಲ್ ನೀರು ಆ ಸಂದುಗಳನ್ನು ತುಂಬಿದೊಡನೆ ಮಳೆ ಬಿದ್ದ ನೆಲದಂತೆ ಕಪ್ಪಿಡುತ್ತದೆ. ಮಳೆಯ ನೀರು ಆರುತ್ತದೆ, ಫೆವಿಕಾಲ್ ಅಲ್ಲೇ ಉಳಿಯುತ್ತದೆ. ಮೂರನೆಯದು, ಶ್ರೀನಿವಾಸಪುರದ ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ. ನಿಮ್ಮ ಹಾಲಿನ ಟ್ಯೂಬ್‌ಲೈಟು ಕೊಡುವುದು ಕೆಲವು ನೂರು. ಹೊಲದ ಬಣ್ಣವನ್ನು ಹಾಗೇ ತಂದು ಒಳಗಿಟ್ಟರೆ ಗೋಡಂಬಿ ಸುಟ್ಟ ಬಣ್ಣವಾಗುತ್ತದೆ.

ಆದ್ದರಿಂದ ಮಣ್ಣನ್ನು ಮೈಗಷ್ಟೇ ಬಳಸಿ, ಬಣ್ಣ ಬೇರೆ ಹಚ್ಚಿ. ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಜೊತೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ. ಈ ಹನಿ ಮರೆತರೆ ಅಂಟು ಪುಡಿಯ ಮೇಲೆ ಗುಂಡಗೆ ಉರುಳಾಡುತ್ತದೆ, ಒಳಗಿಳಿಯುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ಧಾರಾಳವಾಗಿ ಬಿಳಿ ಕಲಸಿದ ಅಕ್ರಿಲಿಕ್. ತಗ್ಗುಗಳಿಗೆ ನೀರುನೀರಾದ ಬರ್ನ್ಟ್ ಅಂಬರ್. ಉಬ್ಬುಗಳಿಗೆ ಬಹುತೇಕ ಒಣಗಿದ ಕುಂಚದಲ್ಲಿ ಇನ್ನೂ ತಿಳಿಯಾದ ಸವರಿಕೆ. ಕೊನೆಗೆ ಅದೇ ವಸ್ತ್ರಗಾಳಿಸಿದ ಕೆಮ್ಮಣ್ಣನ್ನು ಅಂಟಿಲ್ಲದೆ, ಚಿಟಿಕೆಯಷ್ಟು, ಕಾಲುದಾರಿಯ ಮೇಲೆ ಮಾತ್ರ ಉದುರಿಸಬಹುದು. ವಿದೇಶಿ ಬಾಟಲಿಗಳಲ್ಲಿ ‘ಅರ್ತ್’ ಎಂದು ಬರುವ ಬಣ್ಣಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಅವು ಯುರೋಪಿನ ಒದ್ದೆ ಹೊಲದವು. ಮುಳಬಾಗಿಲ ರಸ್ತೆಯಲ್ಲಿ ಅಂಥ ಮಣ್ಣು ನಾನು ಕಂಡಿಲ್ಲ.

ಮಾವಿನ ತೋಪಿನ ನೆಲ ಒಂದೇ ಸಮ ಇರುವುದೂ ಇಲ್ಲ. ಸಾಲುಗಳ ನಡುವೆ ಟ್ರ್ಯಾಕ್ಟರಿನ ಉಳುಮೆ. ಮರದ ಬುಡಕ್ಕೆ ನೇಗಿಲು ಹೋಗುವುದಿಲ್ಲ, ಅಲ್ಲಿ ತರಗೆಲೆಯ ಒಂದು ಸುತ್ತು. ಈ ಎರಡನ್ನು ಬೇರ್ಪಡಿಸಿ ತೋರಿಸಿದರೆ ಮರ ಸುಮಾರಾಗಿದ್ದರೂ ತೋಪು ನಂಬಿಸುತ್ತದೆ. ಕಲ್ಟಿವೇಟರಿನ ಒಂಬತ್ತಿಂಚಿನ ಸಾಲು ಇಲ್ಲಿ ಎರಡೂವರೆ ಮಿಲಿಮೀಟರು; ಪ್ಲಾಸ್ಟರು ಹಸಿಯಿರುವಾಗ ಹಳೆಯ ಬಾಚಣಿಗೆ ಎಳೆದರೆ ಉಳುಮೆ ಸಿದ್ಧ. ಎಂಟಿಂಚಿನ ಮಾವಿನೆಲೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಣಗಿದ ಎಲೆಯನ್ನು ಮಿಕ್ಸಿಗೆ ಹಾಕಿ ಜರಡಿ ಹಿಡಿದರಾಯಿತು. ಮರಕ್ಕೆ, ಕಾಯಿ ಕಚ್ಚದೆ ಒಣಗಿ ಉದುರಿದ ಮಾವಿನ ಹೂಗೊಂಚಲಿನ ಕಡ್ಡಿಯೇ ಸೊಗಸು. ಕವಲಿನ ಮೇಲೆ ಕವಲು ಅದರಲ್ಲೇ ಇರುತ್ತದೆ, ನಾಲ್ಕಾರು ಸೇರಿಸಿ ಕಟ್ಟಿ ತಲೆಯನ್ನು ಗುಂಡಗೆ ಕತ್ತರಿಸಿದರೆ ಸಾಕು.

ಉಳಿದ ಸಾಮಾನಿಗೂ ಜಿಲ್ಲೆ ದಾಟಬೇಕಿಲ್ಲ. ಮಾಲೂರಿನ ಇಟ್ಟಿಗೆಯ ಪುಡಿ ಪ್ಲಾಟ್‌ಫಾರ್ಮಿಗೆ. ಹಳಿಯ ಜಲ್ಲಿ ನಿಜದಲ್ಲಿ ಐದು ಸೆಂಟಿಮೀಟರಿನದಾದರೆ ಹಲಗೆಯ ಮೇಲೆ ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ. ಅದಕ್ಕೆ ಮಾಲೂರು ತಾಲ್ಲೂಕಿನದೇ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಉಳಿಯ ಕೆಳಗೆ ಬಿದ್ದ ಕಲ್ಲುಪುಡಿಯನ್ನು ಜರಡಿಯಾಡಿದರೆ ಬೇರೇನೂ ಬೇಡ. ರವೆ ಬಳಸುವವರಿದ್ದಾರೆ; ಇರುವೆ ಸಾಕುವ ಆಸೆಯಿದ್ದರೆ ಬಳಸಲಿ. ಕೆ.ಜಿ.ಎಫ್‌ನ ಸೈನೈಡ್ ದಿಬ್ಬದ ಬೂದು ಪುಡಿಗೆ ಮಾತ್ರ ಕೈ ಹಾಕಬೇಡಿ. ಗಣಿ 2001ರಲ್ಲಿ ಮುಚ್ಚಿತು, ಅದಿರು ಸಂಸ್ಕರಿಸಿ ಸುರಿದ ಆ ರಾಶಿ ಹಾಗೇ ಇದೆ. ಆ ಬಣ್ಣ ಬೇಕಾದರೆ ಕುಂಚದಲ್ಲಿ ಕಲಸಿಕೊಳ್ಳಿ.

ಅಳತೆಗೆ ತಾನಾಗಿ ಇಳಿಯುವ ಮಣ್ಣು ಒಂದಿದೆ: ಕೆರೆಯ ಗೋಡು. ಒಣಗುವಾಗ ಅದು ಬಿರಿಯುವುದು ಜೇಡಿ ನೀರು ಕಳೆದುಕೊಂಡು ಕುಗ್ಗುವುದರಿಂದ. ಪದರ ತೆಳುವಾದಷ್ಟೂ ಬಿರುಕಿನ ಜಾಲ ಸಣ್ಣದಾಗುತ್ತದೆ. ಕೆರೆಯಂಗಳದಲ್ಲಿ ಗೇಣಗಲದ ಹೆಕ್ಕಳೆಗಳಾಗಿ ಏಳುವ ಅದೇ ಗೋಡನ್ನು ಗಂಜಿಯಂತೆ ಕದಡಿ ಉಗುರಿನ ದಪ್ಪಕ್ಕಿಂತ ತೆಳ್ಳಗೆ ಹರಡಿ ನೆರಳಲ್ಲಿ ಬಿಟ್ಟರೆ ಎರಡು ಮೂರು ಮಿಲಿಮೀಟರಿನ ಹೆಕ್ಕಳೆಗಳು ಏಳುತ್ತವೆ. ಸೂಜಿ ಹಿಡಿದು ಕೊರೆಯುವ ಯಾವ ಕೈಗೂ ಇದು ಸಾಧ್ಯವಿಲ್ಲ. ಅಂಟನ್ನು ಮೊದಲೇ ಬೆರೆಸಬಾರದು, ಬಿರಿಯುವುದಿಲ್ಲ. ಬಿರಿದ ಮೇಲೆ ಅಂಚಿನಿಂದ ಡ್ರಾಪರಿನಲ್ಲಿ ಹನಿಹನಿಯಾಗಿ ಬಿಡಬೇಕು. ನೆಲ ಮಾಡುವ ಕೆಲಸದಲ್ಲಿ ನನಗೆ ಇದಕ್ಕಿಂತ ಹೆಚ್ಚಿನ ಸುಖ ಕೊಟ್ಟದ್ದು ಬೇರೊಂದಿಲ್ಲ.

ಇದೆಲ್ಲ ಹೊರಗಿನಿಂದ ಬಂದ ಚಟವೆನ್ನುವವರು ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳನ್ನು ಮರೆತಿದ್ದಾರೆ. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ, ಮೆಂತ್ಯ ಮೊಳೆಯಿಸಿ, ಕನ್ನಡಿ ಇಟ್ಟು ಕೊಳ ಮಾಡಿ ‘ಪಾರ್ಕು’ ಕಟ್ಟಿದ ಹೆಂಗಸರು, ಮಕ್ಕಳು ಈ ವಿದ್ಯೆಯಲ್ಲಿ ನಮಗಿಂತ ಹಿರಿಯರು. ಅಳತೆಯ ಹಂಗು ಅವರಿಗಿರಲಿಲ್ಲ ಅಷ್ಟೆ. 1:87ರಲ್ಲಿ ಎರಡಿಂಚಿನ ರಾಗಿ ಪೈರು ಹದಿನಾಲ್ಕೂವರೆ ಅಡಿ ಎತ್ತರ!

ಅಳತೆ ಹಿಡಿದು ಒಂದು ಸೀಮೆಯನ್ನೇ ದಾಖಲಿಸಿದ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಆಸ್ಟ್ರೇಲಿಯಾದಿಂದ ಬಂದ ರಾಯ್ ಇಂಗ್ಲೆಂಡ್ ಎಂಬಾತ, ಹಳ್ಳಿಯ ಹಳೆಯ ಮನೆಗಳು ಕಣ್ಣೆದುರೇ ಬದಲಾಗುವುದನ್ನು ಕಂಡು ಅವನ್ನು ಮಾದರಿಯಲ್ಲಾದರೂ ಉಳಿಸಲು ಹೊರಟ. 1954ರಲ್ಲಿ ಪೆಂಡನ್ ಮ್ಯೂಸಿಯಂ ಸ್ಥಾಪಿಸಿದ. ಅಲ್ಲಿ 1:76ರ ಅಳತೆಯಲ್ಲಿರುವ ಕಣಿವೆ 1920–30ರ ಕಾಲದ್ದು.

ಒಂದೇ ಕಾಲಕ್ಕೆ ಅಂಟಿಕೊಳ್ಳುವ ಆ ಹಟವನ್ನು ನಾವೂ ಹಿಡಿಯಬೇಕು. ಕೋಲಾರದ ನೆಲ ಇಸವಿಯನ್ನು ಬಿಟ್ಟುಕೊಡುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ್ದು 2018ರಲ್ಲಿ. ನ್ಯಾರೋಗೇಜ್ ಹಳಿಯ ಪಕ್ಕದ ಕೆರೆಯಲ್ಲಿ ಬಿರುಬೇಸಿಗೆಯಲ್ಲೂ ರೆಸಿನ್ ಸುರಿದು ಹಸಿರು ನೀರು ನಿಲ್ಲಿಸಿದರೆ ಎರಡು ಕಾಲ ಬೆರಕೆಯಾಗುತ್ತದೆ. ಅಲ್ಲಿ ಗೋಡು ಬಿರಿದಿರಬೇಕು, ನಡುವೆ ಬಳ್ಳಾರಿ ಜಾಲಿ ಎದ್ದಿರಬೇಕು. ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅದಕ್ಕೆ ಹಿಂದಿನ ಹಲಗೆಯಾದರೆ ದೂರದಲ್ಲೊಂದು ನೀಲಗಿರಿ ಸಾಲೂ ಇರಲಿ, ಅದರ ಬುಡದಲ್ಲಿ ಹುಲ್ಲು ಬೇಡ. ಇಸವಿಯಾದ ಮೇಲೆ ತಿಂಗಳು. ಮೇ ಎಂದಿಟ್ಟುಕೊಂಡರೆ ಮರದಲ್ಲಿ ಕಾಯಿ, ನೆಲದಲ್ಲಿ ತರಗು, ಬದುವಿನ ಹುಲ್ಲು ಒಣಗಿ ಹುರಿಹಿಟ್ಟಿನ ಬಣ್ಣ. ಅದೇ ಮರದ ಮೇಲೆ ಚೆಂದಕ್ಕೆಂದು ಹಳದಿ ಪುಡಿ ಉದುರಿಸಿ ಹೂ ಬಿಡಿಸಿದಿರೋ, ಶ್ರೀನಿವಾಸಪುರದ ಐದು ವರ್ಷದ ಹುಡುಗನೂ ನಿಮ್ಮನ್ನು ನೋಡಿ ನಗುತ್ತಾನೆ.