ಬಣ್ಣದ ಚಿತ್ರ ಪುರಾವೆಯಲ್ಲ

1974ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಲ್ಲಿ ಬಳಕೆಗೆ ಬಂದ ‘ಟ್ವಿಸ್ಟ್ ಬೀಮ್’, ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ತೊಲೆ. ಒಂದು ಚಕ್ರ ಗುಂಡಿಗಿಳಿದಾಗ ಅದು ತಿರುಚಿಕೊಳ್ಳುತ್ತದೆ. ಇಂಥ ತೊಲೆಗಳನ್ನು ಈಗ ಉಕ್ಕಿನ ಕೊಳವೆಯಿಂದಲೂ ತಯಾರಿಸುತ್ತಾರೆ. ಕೊಳವೆಯನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಕೆಲವು ಬಿಡಿಭಾಗಗಳಲ್ಲಿ ಒಳಗೆ ನೀರಿನ ಭಾರೀ ಒತ್ತಡ ಹೇರಿ ಉಬ್ಬಿಸುತ್ತಾರೆ. ಅಚ್ಚು ದುಬಾರಿಯಾದ್ದರಿಂದ ಮೊದಲು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು ವಾಡಿಕೆ. ಕೊಳವೆಯನ್ನು ಸಾವಿರಾರು ತುಣುಕುಗಳಾಗಿ ವಿಭಾಗಿಸಿ ಲೆಕ್ಕ ಹಾಕುವ ಈ ಮಾರ್ಗವೇ ಪರಿಮಿತ ಘಟಕ ವಿಧಾನ.

ವಿಧಾನದ ಬಗ್ಗೆ ತಕರಾರಿಲ್ಲ. ಫಲಿತಾಂಶಗಳನ್ನು ಮಂಡಿಸುವ ರೀತಿಯ ಬಗ್ಗೆ ಇದೆ. ಅನೇಕ ಪ್ರಬಂಧಗಳಲ್ಲಿ ಕೆಂಪು, ಹಸಿರು, ನೀಲಿ ಬಣ್ಣದ ಚಿತ್ರವಿರುತ್ತದೆ. ಪ್ರಯೋಗಕ್ಕೆ ಹೊಂದಿತು ಎಂಬ ಮಾತಿರುತ್ತದೆ. ಆದರೆ ಕೊಳವೆ ಮತ್ತು ಅಚ್ಚಿನ ನಡುವಣ ಘರ್ಷಣಾಂಕವನ್ನು ಅಳೆದರೇ, ಊಹಿಸಿದರೇ? ಫಲಿತಾಂಶ ಹೊಂದುವವರೆಗೆ ಅದನ್ನು ತಿದ್ದಿದ್ದರೆ, ಅದು ಉತ್ತರ ನೋಡಿಕೊಂಡು ಲೆಕ್ಕ ಬಿಡಿಸಿದಂತೆ. ಇನ್ನೊಂದು ಅಂಶವನ್ನು ಗಮನಿಸಬೇಕು. ತಗಡನ್ನು ಸುತ್ತಿ ಬೆಸುಗೆ ಹಾಕಿದ ಕೊಳವೆಯ ಲೋಹ ಅಚ್ಚಿಗೆ ಬರುವ ಮೊದಲೇ ಗಡುಸಾಗಿರುತ್ತದೆ. ಮೂಲ ತಗಡಿನ ಗುಣಗಳನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಆ ಇತಿಹಾಸ ಬಿಟ್ಟುಹೋಗುತ್ತದೆ.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. 60 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಕೊಳವೆಯೊಂದು 72 ಮಿ.ಮೀ.ಗೆ ಉಬ್ಬಬೇಕೆನ್ನಿ. ಘರ್ಷಣೆ ಹೆಚ್ಚಾಗಿ ತುದಿಗಳಿಂದ ಲೋಹ ಸರಿದುಬರದಿದ್ದರೆ ಗೋಡೆ ಸುಮಾರು 2.5 ಮಿ.ಮೀ.ಗೆ ತೆಳುವಾಗುತ್ತದೆ. ದಪ್ಪ 3 ಮಿ.ಮೀ. ಎಂದೇ ನಂಬಿ ವಿನ್ಯಾಸ ಮಾಡಿದ್ದರೆ, ತಿರುಚಿದಾಗ ಅಲ್ಲಿನ ಪ್ರತಿಬಲ ಲೆಕ್ಕಕ್ಕಿಂತ ಶೇಕಡಾ 20ರಷ್ಟು ಹೆಚ್ಚು. ಬಾಳಿಕೆ ಪ್ರತಿಬಲದ ಐದನೆಯ ಘಾತಕ್ಕೆ ವಿಲೋಮವಾಗಿದೆ ಎಂದುಕೊಂಡರೆ, ಆಯುಷ್ಯ ಶೇಕಡಾ 40ಕ್ಕೆ ಇಳಿಯುತ್ತದೆ. ಬಿರುಕು ಕಾಣಿಸುವುದು ಪರದೆಯ ಮೇಲಲ್ಲ, ಓಡುವ ಕಾರಿನ ಅಡಿಯಲ್ಲಿ.

ಒಳ್ಳೆಯ ಮಾದರಿಯೂ ನಮ್ಮ ಮುಂದಿದೆ. ಜಪಾನಿನಲ್ಲಿ 1993ರಲ್ಲಿ ನಡೆದ ‘ನ್ಯೂಮಿಶೀಟ್’ ಸಮ್ಮೇಳನದಲ್ಲಿ ತಗಡನ್ನು ಬಾಗಿಸುವ ಒಂದೇ ಸಮಸ್ಯೆಯನ್ನು ಹಲವು ತಂಡಗಳು ಬಿಡಿಸಿದವು. ಅಚ್ಚಿನಿಂದ ತೆಗೆದ ಮೇಲೆ ತಗಡು ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂಬುದಕ್ಕೆ ಬಂದ ಉತ್ತರಗಳಲ್ಲಿ ಬಹಳ ಅಂತರವಿತ್ತು. ಅದನ್ನು ಮುಚ್ಚಿಡದೆ ಪ್ರಕಟಿಸಿದ್ದೇ ವಿಜ್ಞಾನದ ಕ್ರಮ.

ಕೊಳವೆಯ ವಿಷಯದಲ್ಲೂ ಇಷ್ಟನ್ನು ಕೇಳಬಹುದು: ಘರ್ಷಣಾಂಕವನ್ನು ಬೇರೆ ಪ್ರಯೋಗದಲ್ಲಿ ಅಳೆಯಲಿ, ಅದು ತುಸು ಬದಲಾದರೆ ಫಲಿತಾಂಶ ಎಷ್ಟು ಬದಲಾಗುತ್ತದೆಂದು ತಿಳಿಸಲಿ, ತಯಾರಾದ ಕೊಳವೆಯನ್ನು ಸೀಳಿ ಅಳೆದ ದಪ್ಪದ ಪಟ್ಟಿಯನ್ನು ಬಣ್ಣದ ಚಿತ್ರದ ಪಕ್ಕದಲ್ಲೇ ಅಚ್ಚು ಮಾಡಲಿ.