ಕಿಲಿಮಂಜಾರೋಗೆ ಮುನ್ನ ಸವಣೂರು

ಕಿಲಿಮಂಜಾರೋ ಏರಬೇಕೆಂಬ ಆಸೆ ನಿಮಗಿದ್ದರೆ ಅದು ಒಳ್ಳೆಯ ಆಸೆ. 5,895 ಮೀಟರ್ ಎತ್ತರದ ಆ ಪರ್ವತವನ್ನು ಹಗ್ಗ ಕಟ್ಟಿ ಹತ್ತಬೇಕಾಗಿಲ್ಲ. ಚಳಿ ತಾಳಿ ದಿನಗಟ್ಟಲೆ ನಡೆಯಬಲ್ಲವರು ಏರಬಹುದು. ಆದರೆ ಅದರ ಹಿರಿಮೆ ಇರುವುದು ತುದಿಯಲ್ಲಲ್ಲ, ದಾರಿಯಲ್ಲಿ. ಬುಡದಲ್ಲಿ ಬಾಳೆ, ಕಾಫಿ ತೋಟಗಳು, ಅದರ ಮೇಲೆ ಮಳೆಕಾಡು, ಕುರುಚಲು, ಹುಲ್ಲುಗಾವಲು, ಕಲ್ಲುಮರುಭೂಮಿ, ಕೊನೆಗೆ ಹಿಮ. ಒಂದೇ ವಾರದಲ್ಲಿ ಇಷ್ಟೆಲ್ಲವನ್ನೂ ಕಾಲಡಿಯಲ್ಲಿ ದಾಟಿಸುವ ಬೆಟ್ಟಗಳು ಭೂಮಿಯ ಮೇಲೆ ಕಡಿಮೆ.

ಆದ್ದರಿಂದ ದಾರಿ ಆರಿಸುವಾಗ ಹಣಕ್ಕಿಂತ ದಿನಗಳ ಲೆಕ್ಕ ಮುಖ್ಯ. ಮಾರಂಗು ದಾರಿಯಲ್ಲಿ ತಂಗಲು ಮರದ ಮನೆಗಳಿವೆ. ಐದಾರು ದಿನಗಳಲ್ಲಿ ಮುಗಿಯುತ್ತದೆ. ಬೇಗ ಮುಗಿಯುವುದೇ ಅದರ ದೋಷ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ ಇರುತ್ತದೆ. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ಸಮಯ ಸಿಗದಿದ್ದರೆ ತಲೆನೋವು, ವಾಂತಿ ಶುರುವಾಗಿ ಎಷ್ಟೋ ಮಂದಿ ಅರ್ಧದಲ್ಲೇ ಇಳಿಯುತ್ತಾರೆ. ಉತ್ತರದ ರೊಂಗೈ ದಾರಿಯಲ್ಲಿ ಮಳೆ ಕಡಿಮೆ. ಮಚಾಮೆ ಸುಂದರ, ಆದರೆ ಜನಜಂಗುಳಿ. ನನ್ನ ಆಯ್ಕೆ ಪಶ್ಚಿಮದ ಲೆಮೋಶೋ. ಏಳೆಂಟು ದಿನ ಹಿಡಿಯುತ್ತದೆ, ಕಾಡನ್ನೂ ಚೆನ್ನಾಗಿ ತೋರಿಸುತ್ತದೆ.

ಆ ಕಾಡಿನಲ್ಲಿ ಕೊಲೊಬಸ್ ಮಂಗಗಳಿವೆ. ಮೈ ಕಪ್ಪು, ಪಕ್ಕೆಗಳಿಂದ ಇಳಿಬಿದ್ದ ಬಿಳಿ ಜೂಲು, ಪೊದೆಯಂಥ ಬಿಳಿ ಬಾಲ. ನಮ್ಮ ಮುಸಿಯನ ಹಾಗೆ ಎಲೆ ತಿಂದು ಬದುಕುವ ಪ್ರಾಣಿ. ಕೈಯಲ್ಲಿ ಹೆಬ್ಬೆರಳು ಮಾತ್ರ ಹೆಸರಿಗಷ್ಟೇ. ಕಾಡು ಮುಗಿದ ಮೇಲೆ ಮರದೆತ್ತರ ಬೆಳೆಯುವ ಡೆಂಡ್ರೊಸೆನೆಸಿಯೋ ಗಿಡಗಳು ಎದುರಾಗುತ್ತವೆ. ಒಣಗಿದ ಎಲೆಗಳನ್ನು ಅವು ಉದುರಿಸುವುದಿಲ್ಲ. ಆ ಎಲೆಗಳೇ ಕಾಂಡಕ್ಕೆ ಕಂಬಳಿ ಸುತ್ತಿದಂತೆ ಕವಿದು, ರಾತ್ರಿಯ ಹಿಮಚಳಿಯಿಂದ ಒಳಗಿನ ಜೀವ ಕಾಯುತ್ತವೆ. ಇದನ್ನು ನೋಡಲು ನಿಲ್ಲಬೇಕು. ನಿಲ್ಲುವ ಅಭ್ಯಾಸ ಊರಲ್ಲೇ ಆಗಬೇಕು.

ಅದಕ್ಕೆ ನಮ್ಮ ಸೀಮೆಗಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಡ. ಕಿಲಿಮಂಜಾರೋದಲ್ಲಿ ಮೇಲೆ ಏರಿದಂತೆ ಸಸ್ಯಲೋಕ ಬದಲಾದರೆ, ಹಾವೇರಿ ಜಿಲ್ಲೆಯಲ್ಲಿ ಪಡುವಣಕ್ಕೆ ನಡೆದಂತೆ ಬದಲಾಗುತ್ತದೆ. ಸವಣೂರಿನ ಬಯಲಿನಿಂದ ಹಾನಗಲ್ಲಿನ ಮಲೆನಾಡ ಸೆರಗಿಗೆ ಐವತ್ತು ಕಿಲೋಮೀಟರು ಕೂಡ ಇಲ್ಲ.

ಮೊದಲ ಹೆಜ್ಜೆ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ಇಡಿ. ಅಲ್ಲಿಯ ಮೂರು ದೊಡ್ಡಹುಣಸೆ ಮರಗಳು ಆಫ್ರಿಕಾ ಮೂಲದ ಬಾವೊಬಾಬ್‌ಗಳು. ಕಿಲಿಮಂಜಾರೋ ಇರುವ ಟಾಂಜಾನಿಯಾದ ಒಣ ಬಯಲುಗಳಲ್ಲಿ ತಾವಾಗಿಯೇ ಬೆಳೆಯುವ ಜಾತಿ ಇದು. ಕಾಂಡದ ಮೇಲೆ ಅಂಗೈ ಇಟ್ಟು ನೋಡಿ: ಬೂದುಬಣ್ಣ, ಆನೆಯ ಚರ್ಮದಂತೆ ಮಡಿಕೆ ಮಡಿಕೆ. ಒಳಗಿನ ಮರ ಮೆದು, ನಾರುನಾರು. ಅದು ನೀರು ಹಿಡಿದಿಡುತ್ತದೆ. ದೊಡ್ಡ ಬಿಳಿ ಹೂ ರಾತ್ರಿ ಅರಳುತ್ತದೆ. ಆಫ್ರಿಕಾದಲ್ಲಿ ಹಣ್ಣು ತಿನ್ನುವ ಬಾವಲಿಗಳು ಪರಾಗಸ್ಪರ್ಶ ಮಾಡುತ್ತವೆ. 2023ರ ಮಳೆಗಾಲದಲ್ಲಿ ಸವಣೂರಿನ ಈ ಮರಗಳಲ್ಲೊಂದು ಬುಡಸಮೇತ ಉರುಳಿದಾಗ, ಸತ್ತ ಮರವೆಂದು ಕಡಿದು ಸಾಗಿಸದೆ ಎತ್ತಿ ಮತ್ತೆ ನೆಟ್ಟರು. ನಾಡು ಮೆಚ್ಚಬೇಕಾದ ಕೆಲಸವದು.

ಅಲ್ಲಿಂದ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಹತ್ತಿರ. ಕೋಟೆಯೊಳಗಿನ 139 ಎಕರೆ 2006ರಲ್ಲಿ ನವಿಲುಧಾಮವಾಯಿತು. ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಅಲ್ಲೇ ಇದೆ. ದನಗಳಿಗೆ ಬೆಳೆಯುವ ಮೇವು, ಕಾಳು, ಸಗಣಿಯ ಹುಳುಗಳು ನವಿಲಿಗೆ ಆಹಾರ. ಕಂದಕದ ಮುಳ್ಳುಪೊದೆ ಅಡಗುತಾಣ. ಬೆಳಗು ಹರಿಯುವ ಹೊತ್ತಿಗೆ ಹೋದರೆ ಮರದಿಂದ ಒಂದೊಂದೇ ನವಿಲು ಭಾರವಾಗಿ ಕೆಳಗಿಳಿಯುವುದನ್ನು ಕಾಣಬಹುದು. ಮುಂಗಾರಿನಲ್ಲಿ ಗರಿಬಿಚ್ಚಿ ಕುಣಿಯುವ ಗಂಡು, ಮಳೆಗಾಲ ಮುಗಿಯುತ್ತಿದ್ದಂತೆ ಆ ಉದ್ದ ಗರಿಗಳನ್ನೆಲ್ಲ ಉದುರಿಸುತ್ತದೆ. ಹೆಣ್ಣು ಮೊಟ್ಟೆ ಇಡುವುದು ನೆಲದ ಮೇಲೆ. ಹಾಗಾಗಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಲೇಬೇಡಿ. ಮರಳುವ ಮುನ್ನ ಅರವತ್ತು ಕಂಬದ ನಗರೇಶ್ವರ ಗುಡಿಯ ನೆರಳಲ್ಲಿ ಬುತ್ತಿ ಬಿಚ್ಚಿ.

ಬಂಕಾಪುರ ದಾಟಿ ಪಡುವಣಕ್ಕೆ ಸಾಗಿದರೆ ಜೋಳದ ಹೊಲ ಹಿಂದಾಗಿ ಭತ್ತದ ಗದ್ದೆ, ಮಾವು, ಅಡಿಕೆ ಬರುತ್ತವೆ. ಹಾನಗಲ್ಲಿನ ಆನಿಕೆರೆಯಂಥ ಕೆರೆಗಳ ದಂಡೆಯ ಮೇಲೆ ಚಳಿಗಾಲದ ಬೆಳಗು ಕಳೆಯಲು ದುರ್ಬೀನೊಂದಿದ್ದರೆ ಸಾಕು. ಏರು ಬೇಕೆನ್ನುವವರಿಗೆ ಹಿರೇಕೆರೂರು ಸೀಮೆಯ ಮಾಸೂರು ಇದೆ. ಆ ಊರು ಈಗ ರಟ್ಟೀಹಳ್ಳಿ ತಾಲ್ಲೂಕಿಗೆ ಸೇರಿದೆ. ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಹಿರಿಯರು ಕಟ್ಟಿದ ಮದಗದ ಕೆರೆಯ ಸುತ್ತಲಿನ ಏರಿಳಿತ ಕಾಲಿಗೂ ಉಸಿರಿಗೂ ತಕ್ಕ ಪರೀಕ್ಷೆ. ಕೋಡಿ ಬಿದ್ದಾಗ ಮಾತ್ರ ಬಂಡೆಗಳು ಜಾರುತ್ತವೆ, ನೀರಿನಿಂದ ದೂರವಿರಿ.

ಕಿಲಿಮಂಜಾರೋಗೆ ದುಡ್ಡು ಕೂಡಿಸುವ ದಿನಗಳಲ್ಲಿ ಈ ನಾಲ್ಕು ಕಡೆಗಳಲ್ಲಿ ವಾರಕ್ಕೊಂದು ಮುಂಜಾನೆ ನಡೆಯಿರಿ. ಮೊಬೈಲು ಕಿಸೆಯಲ್ಲಿರಲಿ, ಕಂಡ ಹಕ್ಕಿ, ಮರಗಳ ಹೆಸರು ನೋಟ್‌ಬುಕ್ಕಿನಲ್ಲಿರಲಿ. ಊರಿನ ಮರ, ಹಕ್ಕಿಗಳನ್ನು ಗುರುತಿಸಬಲ್ಲವರಿಗೆ ಆಫ್ರಿಕಾದ ಪರ್ವತ ಎರಡು ಪಟ್ಟು ಕಾಣಿಸುತ್ತದೆ.