ಗುಂಪಿನ ನಕ್ಷೆಯೂ ಒಂಟಿ ಚೀಟಿಯೂ

ಸಭೆ ಎಂದರೆ ನಮಗೆ ಗೊತ್ತಿರುವುದೇ. ಮೊದಲು ಬಾಯಿ ತೆರೆದವರ ಜಾಡಿನಲ್ಲೇ ಉಳಿದವರ ಮಾತೂ ಸಾಗುತ್ತದೆ, ಅಧ್ಯಕ್ಷರು ಒಪ್ಪಿದ್ದು ನಡವಳಿ ಪುಸ್ತಕ ಸೇರುತ್ತದೆ, ಮಿಕ್ಕವರು ಸಹಿ ಹಾಕಿ ಟೀ ಕುಡಿದು ಏಳುತ್ತಾರೆ. ಹೀಗಾಗದಂತೆ ಗುಂಪಿನ ಎಲ್ಲರ ವಿಚಾರವನ್ನೂ ಒಂದೇ ಚಿತ್ರದಲ್ಲಿ ಕಾಣಿಸುವ ವಿಧಾನವೊಂದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಟ್ರೋಚಿಮ್ 1989ರಲ್ಲಿ ವಿವರಿಸಿದರು. ಅದೇ ಸಾಮೂಹಿಕ ಪರಿಕಲ್ಪನಾ ನಕ್ಷೆ. ನಮ್ಮ ಶಿಕ್ಷಕರ ತರಬೇತಿಗಳಲ್ಲಿ ಕಾಣುವ ನಕ್ಷೆ ಇದಲ್ಲ. ಅದು ಇದೇ ಕಾರ್ನೆಲ್‌ನ ಜೋಸೆಫ್ ನೋವಾಕ್ 1972ರಲ್ಲಿ, ಮಕ್ಕಳ ವಿಜ್ಞಾನದ ತಿಳಿವಳಿಕೆ ಹೇಗೆ ಬೆಳೆಯುತ್ತದೆಂದು ಅರಿಯಲು ರೂಪಿಸಿದ್ದು. ಅದರಲ್ಲಿ ಒಂದು ಪರಿಕಲ್ಪನೆಗೂ ಇನ್ನೊಂದಕ್ಕೂ ಗೆರೆ ಇರುತ್ತದೆ, ಆ ಗೆರೆಯ ಮೇಲೆ ಸಂಬಂಧ ಏನೆಂದು ಬರೆದಿರುತ್ತದೆ. ಟ್ರೋಚಿಮ್ ನಕ್ಷೆಯಲ್ಲಿ ಗೆರೆಯೇ ಇಲ್ಲ. ಇರುವುದು ಬಿಂದುಗಳು ಮತ್ತು ಅವುಗಳ ನಡುವಿನ ದೂರ.

ಒಂದು ಹಳ್ಳಿಯ ಶಾಲಾಭಿವೃದ್ಧಿ ಸಮಿತಿ ಇದನ್ನು ಮಾಡುತ್ತದೆ ಎಂದಿಟ್ಟುಕೊಳ್ಳೋಣ. ‘ನಮ್ಮ ಶಾಲೆಗೆ ಮಕ್ಕಳು ತಪ್ಪದೆ ಬರಬೇಕಾದರೆ...’ ಎಂಬ ಅರ್ಧ ವಾಕ್ಯವನ್ನು ಎಲ್ಲರ ಮುಂದಿಟ್ಟು ಪೂರ್ತಿ ಮಾಡಲು ಕೇಳುತ್ತಾರೆ. ಬಂದ ಉತ್ತರಗಳು ಒಂದೊಂದೂ ಒಂದು ಚೀಟಿ. ಚೀಟಿಗಳ ಪೂರ್ತಿ ಕಟ್ಟು ಪ್ರತಿಯೊಬ್ಬರಿಗೂ ಹೋಗುತ್ತದೆ. ಯಾರ ಜೊತೆಗೂ ಮಾತಾಡದೆ, ತನಗೆ ತೋಚಿದಂತೆ ಅವನ್ನು ಗುಡ್ಡೆಗಳಾಗಿ ವಿಂಗಡಿಸಬೇಕು. ಎಲ್ಲವನ್ನೂ ಒಂದೇ ಗುಡ್ಡೆಗೆ ಸುರಿಯುವಂತಿಲ್ಲ, ‘ಇತರೆ’ ಎಂಬ ಗುಡ್ಡೆಯನ್ನೂ ಮಾಡುವಂತಿಲ್ಲ. ಆಮೇಲೆ ಒಂದೊಂದು ಚೀಟಿಗೂ ಅದೆಷ್ಟು ಮುಖ್ಯವೆಂದು ಸಾಮಾನ್ಯವಾಗಿ 1ರಿಂದ 5ರವರೆಗೆ ಅಂಕ ಕೊಡಬೇಕು. ಯಾವ ಎರಡು ಚೀಟಿಗಳನ್ನು ಎಷ್ಟು ಜನ ಜೊತೆಗಿಟ್ಟರೆಂದು ತಂತ್ರಾಂಶ ಎಣಿಸುತ್ತದೆ. ಹೆಚ್ಚು ಜನ ಜೊತೆಗಿಟ್ಟವು ನಕ್ಷೆಯಲ್ಲಿ ಹತ್ತಿರದ ಬಿಂದುಗಳಾಗಿ ಬೀಳುತ್ತವೆ, ಇಡದವು ದೂರ. ಕೊನೆಗೆ ಹತ್ತಿರದ ಬಿಂದುಗಳ ಸುತ್ತ ಗಡಿ ಎಳೆಯುತ್ತದೆ. ಆ ಗಡಿಯೊಳಗಿನ ಚೀಟಿಗಳ ಗುಂಪಿಗೆ ಹೆಸರಿಡುವವರು ಮತ್ತೆ ಅದೇ ಜನ.

ಈ ವಿಧಾನದ ನಿಜವಾದ ಸಾಧನೆ ಗಣಿತವಲ್ಲ, ಆ ಮೌನದ ವಿಂಗಡಣೆ. ಮುಖ್ಯೋಪಾಧ್ಯಾಯರ ಗುಡ್ಡೆಗೂ ಅಡುಗೆಯವರ ಗುಡ್ಡೆಗೂ ಲೆಕ್ಕದಲ್ಲಿ ಸಮಾನ ತೂಕ. ಒಬ್ಬರು ಇನ್ನೊಬ್ಬರ ಮುಖ ನೋಡಿ ಚೀಟಿ ಇಡುವ ಪ್ರಮೇಯವೇ ಇಲ್ಲ. ಹೀಗೆ ಸಮಾನತೆಯನ್ನು ಕ್ರಮದೊಳಗೇ ಕಟ್ಟಿಟ್ಟ ಸಭೆಯ ವಿಧಾನಗಳು ಬಹಳ ಕಡಿಮೆ.

ತೊಡಕು ಶುರುವಾಗುವುದು ಗುಡ್ಡೆಗಳನ್ನೆಲ್ಲ ಕೂಡಿಸಿದ ಮೇಲೆ. ‘ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬೇಕು’ ಎಂಬ ಚೀಟಿಯನ್ನು ಮೇಷ್ಟ್ರು ಕಟ್ಟಡ, ಕಾಂಪೌಂಡು, ಸೋರುವ ಹೆಂಚಿನ ಜೊತೆ ಇಡುತ್ತಾರೆ. ತಾಯಂದಿರು ಅದನ್ನು ಮಗಳು ದೊಡ್ಡವಳಾದ ಮೇಲೆ ಶಾಲೆ ಬಿಡುವ ಸಂಗತಿಯ ಜೊತೆ ಇಡುತ್ತಾರೆ. ನಕ್ಷೆಯಲ್ಲಿ ಆ ಬಿಂದು ಎರಡೂ ಕಡೆ ಸೇರದೆ ನಡುವೆ ಎಲ್ಲೋ ಬೀಳುತ್ತದೆ. ಅದು ಮೇಷ್ಟ್ರ ವಿಚಾರವೂ ಅಲ್ಲ, ತಾಯಂದಿರದೂ ಅಲ್ಲ, ಯಾರ ತಲೆಯಲ್ಲೂ ಇಲ್ಲದ ಒಂದು ಸರಾಸರಿ. ಹೀಗೆ ಹಲವು ಗುಡ್ಡೆಗಳ ನಡುವೆ ಹಂಚಿಹೋದ ಚೀಟಿ ಯಾವುದೆಂದು ತೋರಿಸುವ ಸೇತುವೆ ಅಂಕವನ್ನೂ ಈ ವಿಧಾನ ಲೆಕ್ಕ ಹಾಕಿಕೊಡುತ್ತದೆ. ನನ್ನ ದೃಷ್ಟಿಯಲ್ಲಿ ಸಭೆ ಮೊದಲು ನೋಡಬೇಕಾದ ಅಂಕ ಅದು, ಏಕೆಂದರೆ ಜನ ಬೇರೆಬೇರೆಯಾಗಿ ಯೋಚಿಸಿದ್ದು ಅಲ್ಲೇ. ಆದರೆ ಬಣ್ಣ ತುಂಬಿದ ಗುಂಪುಗಳ ಚಿತ್ರ ಎದುರಿಗಿರುವಾಗ ಅಂಕದ ಪಟ್ಟಿಯತ್ತ ಯಾರು ತಿರುಗುತ್ತಾರೆ?

ಗುಂಪುಗಳು ಐದಿರಬೇಕೋ ಒಂಬತ್ತಿರಬೇಕೋ ಎಂಬುದನ್ನು ಗಣಿತ ಹೇಳುವುದಿಲ್ಲ, ನಡೆಸುವವರ ವಿವೇಚನೆ ಹೇಳುತ್ತದೆ. ಆ ಅರ್ಧ ವಾಕ್ಯವನ್ನು ಬರೆದವರೂ ಬಹುಪಾಲು ಅವರೇ. (ನಕ್ಷೆಯನ್ನು ತಲೆಕೆಳಗು ಮಾಡಿದರೂ ಅರ್ಥ ಬದಲಾಗದು, ಮೇಲಿರುವುದೇ ದೊಡ್ಡದೆಂದು ಓದುವ ಅಧಿಕಾರಿಗೆ ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ.)

ಟ್ರೋಚಿಮ್ ವಿಧಾನಕ್ಕಿಂತ ಹಳೆಯದು ಜಪಾನಿನ ಮಾನವಶಾಸ್ತ್ರಜ್ಞ ಜಿರೋ ಕವಾಕಿತಾ ಅವರ ಕೆಜೆ ವಿಧಾನ. ನೇಪಾಳದ ಗುಡ್ಡಗಾಡು ಹಳ್ಳಿಗರು ತಮ್ಮ ಸಮಸ್ಯೆಗಳನ್ನು ತಾವೇ ಅಧ್ಯಯನ ಮಾಡುವಂತೆ ಮಾಡಿ, ಅಲ್ಲಿಗೆ ಕುಡಿಯುವ ನೀರು, ಕಣಿವೆ ದಾಟಿಸುವ ಹಗ್ಗದ ಸಾಗಣೆ ಬರಲು ಕಾರಣರಾದದ್ದಕ್ಕೆ 1984ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 1967ರ ಪುಸ್ತಕವೊಂದರಲ್ಲಿ ಅವರು ತಮ್ಮ ವಿಧಾನವನ್ನು ಜನಕ್ಕೆ ಪರಿಚಯಿಸಿದ್ದರು. ಅಲ್ಲಿಯೂ ಚೀಟಿಗಳೇ. ಆದರೆ ಯಾವ ಗುಂಪಿಗೂ ಸೇರದ ಚೀಟಿಗೆ ‘ಒಂಟಿ ತೋಳ’ ಎಂದು ಹೆಸರು, ಅದನ್ನು ಬಲವಂತವಾಗಿ ಎಲ್ಲೂ ತುರುಕಬಾರದು. ಗುಂಪುಗಳ ನಡುವೆ ಕಾರಣ, ವಿರೋಧಗಳ ಗೆರೆಗಳನ್ನೂ ಎಳೆಯುತ್ತಾರೆ. ಟ್ರೋಚಿಮ್ ವಿಧಾನದಲ್ಲಿ ಒಬ್ಬರು ಚೀಟಿಯೊಂದನ್ನು ಒಂಟಿಯಾಗಿ ಇಡಬಹುದು ನಿಜ, ಆದರೆ ಕೊನೆಯ ನಕ್ಷೆಯಲ್ಲಿ ಅದೂ ಯಾವುದಾದರೊಂದು ಗಡಿಯೊಳಗೆ ಬಂದುಬಿಡುತ್ತದೆ. ಒಂದೇ ಮೇಜಿನ ಸುತ್ತ ಕೂತು ಮಾಡುವ ಕೆಜೆಯಲ್ಲಿ ಮುಂದಾಳಿನ ಕೈ ಚೀಟಿಗೆ ಮೊದಲು ತಲುಪುವ ಅಪಾಯವಿದೆ. ಅಲ್ಲಿ ಟ್ರೋಚಿಮ್ ಮೇಲು.

1990ರ ಆಸುಪಾಸಿನಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಹಳ್ಳಿಗರಿಂದಲೇ ಊರಿನ ನಕ್ಷೆ ಬರೆಸುವ ಸಹಭಾಗಿ ವಿಧಾನಗಳನ್ನು ಬೆಳೆಸಿತು. ಅವು ಜಾಗದ ನಕ್ಷೆಗಳು, ವಿಚಾರದವಲ್ಲ. ಆದರೂ ಇಲ್ಲಿ ನೆನೆಯಲು ಕಾರಣವಿದೆ. ರಂಗೋಲಿ ಪುಡಿ, ಕಾಳು, ಕಲ್ಲುಗಳಿಂದ ನೆಲದ ಮೇಲೆ ಮೂಡಿದ್ದನ್ನು ಓದು ಬಾರದವರೂ ನೋಡಿ, ಅದು ಹಾಗಲ್ಲ ಎಂದು ಅಳಿಸಿ ತಿದ್ದಬಹುದು. ತಂತ್ರಾಂಶದ ನಕ್ಷೆಯನ್ನು ಹಾಗೆ ತಿದ್ದಲಾಗದು. ಅದು ಹೇಗೆ ಮೂಡಿತೆಂಬುದು ಚೀಟಿ ವಿಂಗಡಿಸಿದವರಿಗೂ ಗೊತ್ತಿರುವುದಿಲ್ಲ, ಮೇಲಾಗಿ ಚೀಟಿ ಓದಲು ಬಾರದವರು ವಿಂಗಡಣೆಯಲ್ಲೇ ಹೊರಗುಳಿಯುತ್ತಾರೆ.

ಅಂಕಗಳ ವಿಷಯದಲ್ಲಿ ನನ್ನ ತಕರಾರು ಇನ್ನೂ ನೇರ. ಮುಖ್ಯವೆಷ್ಟು, ಸಾಧ್ಯವೆಷ್ಟು ಎಂದು ಎರಡು ಅಂಕ ತೆಗೆದು, ಎರಡರಲ್ಲೂ ಮೇಲಿರುವುದನ್ನು ಮೊದಲು ಕೈಗೆತ್ತಿಕೊಳ್ಳುವುದು ರೂಢಿ. ಸಾಧ್ಯವಿಲ್ಲವೆಂದು ಕಡಿಮೆ ಅಂಕ ಕೊಟ್ಟವರಲ್ಲಿ ದುಡ್ಡಿನ ಕೀಲಿಕೈ ಇರುವವರೂ ಇರುತ್ತಾರೆ. ಶೌಚಾಲಯದ ನೀರು ಪಟ್ಟಿಯಿಂದ ಬಿದ್ದುಹೋಗುವುದು ಹೀಗೆ.

ಹಾಗೆಂದು ವಿಧಾನವನ್ನು ತಳ್ಳಿಹಾಕಬೇಕಿಲ್ಲ. ಬಳಸುವವರು ಒಟ್ಟು ನಕ್ಷೆಯ ಜೊತೆಗೆ ತಾಯಂದಿರದೊಂದು, ಶಿಕ್ಷಕರದೊಂದು ನಕ್ಷೆಯನ್ನು ಬೇರೆಬೇರೆ ತೆಗೆದು ಸಭೆಯ ಗೋಡೆಗೆ ಅಂಟಿಸಲಿ. ಲೆಕ್ಕ ಅದಕ್ಕೆ ಅವಕಾಶ ಕೊಡುತ್ತದೆ, ಹೆಚ್ಚು ಖರ್ಚೂ ಇಲ್ಲ.